ಮಂದೆ ಮರಳುವ ದಿನ, ಲೆಕ್ಕ ಒಪ್ಪಿಸುವ ದಿನ

(ಹಂಗೇರಿಯ ಪಶುಪಾಲಕರ ಶರತ್ಕಾಲದ ಹಬ್ಬವನ್ನು ಕುರಿತು ನೀಡಿದ ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ಬಂದ ಪುನರುಕ್ತಿಗಳನ್ನು ತೆಗೆದಿದ್ದೇನೆ. ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಕೊನೆಯಲ್ಲಿ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಹಂಗೇರಿಯ ಪೂರ್ವ ಭಾಗದಲ್ಲಿ, ತಿಸಾ ನದಿಗೂ ದೆಬ್ರೆತ್ಸೆನ್ ನಗರಕ್ಕೂ ನಡುವೆ, ಹೊರ್ತೊಬಾಜ್ ಎಂಬ ಬಯಲು ಹರಡಿಕೊಂಡಿದೆ. ಅಲ್ಲಿ ಗುಡ್ಡವಿಲ್ಲ. ಎತ್ತರದ ನೆಲವೆಂದರೆ ಪ್ರಾಚೀನ ಕಾಲದ ಸಮಾಧಿ ದಿಬ್ಬಗಳು ಮಾತ್ರ. ಸೌಳು ಮಣ್ಣು, ಕುರುಚಲು ಹುಲ್ಲು, ಅಲ್ಲಲ್ಲಿ ಜೊಂಡು ಬೆಳೆದ ಜೌಗು, ದನಗಳಿಗೆ ನೀರೆತ್ತುವ ಏತದ ಬಾವಿಗಳು. ಆ ಏತದ ಮರ ಎಷ್ಟೋ ದೂರದಿಂದ ಕಣ್ಣಿಗೆ ಬೀಳುತ್ತದೆ, ಏಕೆಂದರೆ ನೋಟಕ್ಕೆ ಅಡ್ಡ ಬರುವಂಥದ್ದು ಬೇರೇನೂ ಇಲ್ಲ. ಇಂಥ ಬಯಲನ್ನು ಅಲ್ಲಿಯವರು ಪುಸ್ತಾ ಎಂದು ಕರೆಯುತ್ತಾರೆ. ಪ್ರತಿವರ್ಷ ಅಕ್ಟೋಬರ್ ಕೊನೆಯಲ್ಲಿ, ಸಂತ ದೊಮೊತೊರನ ದಿನವಾದ 26ರ ಆಸುಪಾಸಿನಲ್ಲಿ, ಬೇಸಿಗೆಯಿಡೀ ಇಲ್ಲಿ ಮೇಯ್ದ ದನ, ಕುರಿ, ಕುದುರೆಗಳನ್ನು ಚಳಿಗಾಲದ ದೊಡ್ಡಿಗಳತ್ತ ಹೊಡೆದುಕೊಂಡು ಹೋಗುವುದು ಇಲ್ಲಿ ಒಂದು ಹಬ್ಬ.

ಹಬ್ಬದ ಚಿತ್ರಗಳನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಬೂದು ಬಣ್ಣದ, ಉದ್ದ ಕೊಂಬಿನ ದನಗಳ ಮಂದೆ, ನೀಲಿ ಅಂಗಿ ತೊಟ್ಟು ಚಾವಟಿ ಬೀಸುವ ಸವಾರರು, ಹಿನ್ನೆಲೆಯಲ್ಲಿ ಒಂಬತ್ತು ಕಮಾನಿನ ಕಲ್ಲಿನ ಸೇತುವೆ. 1827ರಿಂದ 1833ರವರೆಗೆ ಕಟ್ಟಿದ ಸುಮಾರು 167 ಮೀಟರ್ ಉದ್ದದ ಆ ಸೇತುವೆ ಈ ಬಯಲಿನ ಗುರುತೇ ಆಗಿಬಿಟ್ಟಿದೆ. ಚಿತ್ರಗಳು ಸುಂದರವಾಗಿವೆ, ಸುಳ್ಳೂ ಅಲ್ಲ. ಆದರೆ ಅವುಗಳಲ್ಲಿ ಕಾಣದ ಒಂದು ಸಂಗತಿಯ ಬಗ್ಗೆಯೇ ನಾನು ಇಂದು ಹೆಚ್ಚು ಮಾತನಾಡುವವನಿದ್ದೇನೆ. ಈ ಹಬ್ಬ ಹುಟ್ಟಿದ್ದು ಲೆಕ್ಕದಿಂದ. ಆರು ತಿಂಗಳ ಹಿಂದೆ ನಂಬಿ ಒಪ್ಪಿಸಿದ ಜೀವಗಳನ್ನು ಒಂದೊಂದಾಗಿ ಎಣಿಸಿ ಯಜಮಾನರಿಗೆ ಹಿಂದಿರುಗಿಸಬೇಕಾಗಿದ್ದ ದಿನ ಅದು. ಕುಣಿತ, ಕುಡಿತ, ಊಟ ಎಲ್ಲವೂ ಆ ಎಣಿಕೆ ಮುಗಿದ ಮೇಲೆ.

ಪಶುಪಾಲಕರ ವರ್ಷಕ್ಕೆ ಎರಡು ಬಾಗಿಲುಗಳಿದ್ದವು. ಏಪ್ರಿಲ್ 24, ಸಂತ ಜಾರ್ಜನ ದಿನ, ಮಂದೆ ಹೊರಡುತ್ತಿತ್ತು. ಅಂದು ಮಾಟಗಾತಿಯರು ಹಸುವಿನ ಹಾಲನ್ನು ಕದಿಯುತ್ತಾರೆಂಬ ಭಯವಿತ್ತು. ಅದಕ್ಕಾಗಿ ಬಾಗಿಲಿಗೆ ಹಸಿರು ಕೊಂಬೆ ಸಿಕ್ಕಿಸುತ್ತಿದ್ದರು, ಕೊಟ್ಟಿಗೆಯ ಹೊಸ್ತಿಲಲ್ಲಿ ಕಬ್ಬಿಣದ ಸರಪಳಿ ಇಟ್ಟು ಅದರ ಮೇಲೆ ದನಗಳನ್ನು ದಾಟಿಸುತ್ತಿದ್ದರು. ಮರಳುವ ಬಾಗಿಲು ಮಾತ್ರ ಎಲ್ಲ ಕಡೆಯೂ ಒಂದೇ ದಿನ ತೆರೆಯುತ್ತಿರಲಿಲ್ಲ. ಊರು, ಪ್ರಾಣಿ, ಆ ವರ್ಷದ ಹವೆ ನೋಡಿಕೊಂಡು ಸೆಪ್ಟೆಂಬರ್ 29ರ ಸಂತ ಮಿಖಾಯೆಲನ ದಿನ, ಅಕ್ಟೋಬರ್ 26ರ ದೊಮೊತೊರನ ದಿನ, ನವೆಂಬರ್ 11ರ ಸಂತ ಮಾರ್ಟಿನನ ದಿನ, ಹೀಗೆ ಯಾವುದಾದರೊಂದನ್ನು ಗಡುವಾಗಿ ಇಟ್ಟುಕೊಳ್ಳುತ್ತಿದ್ದರು. ಕುರಿಗಾಹಿಗಳಿಗಂತೂ ದೊಮೊತೊರನ ದಿನವೇ ಹೊಸ ವರ್ಷ. ಹಳೆಯ ಕರಾರು ಅಂದು ಮುಗಿಯುತ್ತಿತ್ತು, ಹೊಸದು ಅಂದೇ ಕುದುರುತ್ತಿತ್ತು. ಆ ದಿನ ತಣ್ಣನೆಯ ಗಾಳಿ ಬೀಸಿದರೆ ಚಳಿಗಾಲ ಬಿರುಸಾಗಿರುತ್ತದೆ ಎಂದು ಈಗಲೂ ಹೇಳುತ್ತಾರೆ.

ಇಲ್ಲಿ ನನಗೆ ಬಹಳ ಹಿಡಿಸಿದ ಸಂಗತಿಯೊಂದಿದೆ. ಹೊರ್ತೊಬಾಜ್‌ನ ಹುಲ್ಲುಗಾವಲಿನ ಒಡೆತನ ಬಹುಕಾಲ ದೆಬ್ರೆತ್ಸೆನ್ ನಗರದ್ದಾಗಿತ್ತು. ಆ ನಗರ 16ನೆಯ ಶತಮಾನದಿಂದಲೂ ಪ್ರೊಟೆಸ್ಟೆಂಟ್ ಕ್ರೈಸ್ತರ ಕ್ಯಾಲ್ವಿನ್ ಪಂಥದ ಕೋಟೆ. ಅದನ್ನು ‘ಕ್ಯಾಲ್ವಿನ್ ಪಂಥದ ರೋಮ್’ ಎಂದೇ ಕರೆಯುತ್ತಾರೆ. ಸಂತರನ್ನು ಪೂಜಿಸದ, ಚರ್ಚಿನಲ್ಲಿ ಅವರ ಮೂರ್ತಿಗೆ ಜಾಗವಿಡದ ಪಂಥ ಅದು. ಆದರೂ ದನಗಾಹಿಯ ಕರಾರು ಸಂತ ಜಾರ್ಜನಿಂದ ಶುರುವಾಗಿ ಸಂತ ದೊಮೊತೊರನಲ್ಲಿ ಮುಗಿಯುವುದು ನಿಲ್ಲಲಿಲ್ಲ. ಸಂತರು ಬಲಿಪೀಠ ಬಿಟ್ಟು ಹೋದರು, ಜಮಾಖರ್ಚಿನ ಪುಸ್ತಕದಲ್ಲಿ ಉಳಿದರು. ಈ ಹಬ್ಬದ ಬೇರು ಎಷ್ಟು ಲೌಕಿಕವಾದದ್ದು ಎಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ನನಗೆ ಸಿಕ್ಕಿಲ್ಲ.

ಈಗ ಲೆಕ್ಕದ ವಿಚಾರ. ಮಂದೆಗೊಬ್ಬ ಹಿರಿಯ ಇರುತ್ತಿದ್ದ, ಅವನು ಸಾಮಡೋ. ನಗರದ ಯಜಮಾನರು ತಮ್ಮ ದನಗಳನ್ನು ಒಪ್ಪಿಸುತ್ತಿದ್ದದ್ದು ಅವನಿಗೆ. ಒಂದು ದನ ಕಳೆದರೂ ಅವನು ತನ್ನ ಸ್ವಂತ ಆಸ್ತಿಯಿಂದ ತುಂಬಿಕೊಡಬೇಕು. ಆದ್ದರಿಂದ ಅನುಭವದ ಜೊತೆಗೆ ಒಂದಿಷ್ಟು ಸ್ವಂತ ಕುರಿ, ದನ ಇದ್ದವನನ್ನೇ ಹುಡುಕಿ ನೇಮಿಸುತ್ತಿದ್ದರು. ಅವನ ಕೈಕೆಳಗಿನ ಆಳುಗಳು ಬೊಯ್ತಾರ್‌ಗಳು. ಹತ್ತು ಹನ್ನೆರಡು ವಯಸ್ಸಿಗೇ ಕೆಲಸಕ್ಕೆ ಸೇರಿ, ಅಡುಗೆ ಮಾಡಿ, ನೀರು ಸೇದಿ, ರಾತ್ರಿ ಕಾವಲು ಕಾದು ಮೇಲೆ ಬರಬೇಕಾದವರು ಅವರು. ಸಂಬಳವೆಂದರೆ ಹಣದ ಜೊತೆಗೆ ಧಾನ್ಯ, ಉಪ್ಪು ಹಾಕಿದ ಹಂದಿಕೊಬ್ಬು, ಪಾದರಕ್ಷೆ, ತಮ್ಮದೇ ಕೆಲವು ಪ್ರಾಣಿಗಳನ್ನು ಯಜಮಾನರ ಮಂದೆಯಲ್ಲಿ ಸೇರಿಸಿ ಮೇಯಿಸುವ ಹಕ್ಕು. ಈ ಕೊನೆಯ ಹಕ್ಕು ಚಿಕ್ಕದೆನಿಸಬಹುದು. ಬಡ ಆಳು ಒಂದು ದಿನ ಸ್ವಂತ ಮಂದೆ ಕಟ್ಟಬಲ್ಲ ದಾರಿ ಅದೊಂದೇ.

ಓದುಬರಹ ಬಾರದ ಕುರಿಗಾಹಿ ಲೆಕ್ಕ ಇಡುತ್ತಿದ್ದದ್ದು ಹೇಗೆ? ಇದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಗೇಣುದ್ದದ ಒಂದು ಕೋಲನ್ನು ಉದ್ದಕ್ಕೆ ಎರಡಾಗಿ ಸೀಳುತ್ತಾರೆ. ಎರಡೂ ಸೀಳುಗಳನ್ನು ಮತ್ತೆ ಜೋಡಿಸಿ ಹಿಡಿದು, ಎರಡರ ಮೇಲೂ ಹಾಯುವಂತೆ ಅಡ್ಡಲಾಗಿ ಕಚ್ಚು ಹಾಕುತ್ತಾರೆ. ಹೆಣ್ಣು ಕುರಿಗೆ ಒಂದು ಬಗೆಯ ಕಚ್ಚು, ಟಗರಿಗೆ ಇನ್ನೊಂದು, ಮರಿಗೆ ಮತ್ತೊಂದು. ಒಂದು ಸೀಳು ಯಜಮಾನನ ಮನೆಗೆ ಹೋಗುತ್ತದೆ, ಇನ್ನೊಂದು ಕುರಿಗಾಹಿಯ ಜೋಳಿಗೆಗೆ. ಶರತ್ಕಾಲದಲ್ಲಿ ಎರಡನ್ನೂ ಮತ್ತೆ ಪಕ್ಕಪಕ್ಕ ಇಡುತ್ತಾರೆ. ಯಾರಾದರೂ ಒಂದು ಕಚ್ಚು ಹೆಚ್ಚು ಹಾಕಿದ್ದರೆ, ಒಂದನ್ನು ಕೆತ್ತಿ ಅಳಿಸಿದ್ದರೆ, ಆ ಕ್ಷಣದಲ್ಲಿ ಬಯಲಾಗುತ್ತದೆ. ಮರದ ಎಳೆಗಳೇ ಒಂದಕ್ಕೊಂದು ಕೂಡುವುದರಿಂದ ಬೇರೆ ಕೋಲಿನ ಸೀಳನ್ನು ತಂದು ತೋರಿಸುವಂತೆಯೂ ಇಲ್ಲ. ಇಬ್ಬರಲ್ಲಿ ಯಾರೂ ಇನ್ನೊಬ್ಬನ ಪ್ರಾಮಾಣಿಕತೆಯನ್ನು ಬರಿದೇ ನಂಬಿ ಕೂರಬೇಕಾಗಿರಲಿಲ್ಲ, ಅನುಮಾನಿಸಿ ಅವಮಾನಿಸಬೇಕಾಗಿಯೂ ಇರಲಿಲ್ಲ. ಬಡವನನ್ನೂ ಧಣಿಯನ್ನೂ ಸಮವಾಗಿ ಕಟ್ಟಿಹಾಕುವ ದಾಖಲೆ ಇದು. ಕಾಗದದ ಕರಾರಿನಲ್ಲಿ, ಓದಲು ಬಾರದವನ ಪಾಲಿಗೆ, ಆ ಸಮಾನತೆ ಎಂದಿಗೂ ಇರಲಿಲ್ಲ.

ಸತ್ತ ಪ್ರಾಣಿಯ ಲೆಕ್ಕ ಬೇರೆ. ರೋಗದಿಂದಲೋ ತೋಳದಿಂದಲೋ ದನ ಸತ್ತರೆ ಅದರ ಚರ್ಮ ಸುಲಿದು, ಒಣಗಿಸಿ, ಯಜಮಾನನ ಮುದ್ರೆ ಕಾಣುವಂತೆ ತಂದು ಒಪ್ಪಿಸಬೇಕಾಗಿತ್ತು. ಚರ್ಮ ಇದ್ದರೆ ಸಾವು, ಇಲ್ಲದಿದ್ದರೆ ಕಳವು. ಹಬ್ಬದ ದಿನ ಮಂದೆಯ ಹಿಂದೆ ಬರುವ ಗಾಡಿಯಲ್ಲಿ ಬೇಸಿಗೆಯ ಸಾವುಗಳೂ ಬರುತ್ತಿದ್ದವು ಎಂಬುದನ್ನು ನಾವು ಮರೆಯಬಾರದು.

ಆಲ್ಪ್ಸ್ ಪರ್ವತದ ಸೀಮೆಯಲ್ಲೂ ಇದೇ ಋತುವಿನಲ್ಲಿ ದನಗಳನ್ನು ಬೆಟ್ಟದಿಂದ ಇಳಿಸುವ ಹಬ್ಬವಿದೆ. ಹಸುಗಳಿಗೆ ಹೂವಿನ ಕಿರೀಟ, ಕೊರಳಿಗೆ ದೊಡ್ಡ ಗಂಟೆ. ಬೇಸಿಗೆಯಲ್ಲಿ ಮಂದೆಗೆ ಅವಘಡವೇನೂ ಆಗದಿದ್ದರೆ ಮಾತ್ರ ಅಲ್ಲಿ ಕಿರೀಟ ತೊಡಿಸುತ್ತಾರೆ. ಸಾವು ಸಂಭವಿಸಿದ್ದರೆ ಹಸುಗಳು ಬರಿತಲೆಯಲ್ಲಿ ಇಳಿಯುತ್ತವೆ. ಹೊರ್ತೊಬಾಜ್‌ನಲ್ಲಿ ಇಳಿಯಲು ಬೆಟ್ಟವಿಲ್ಲ, ಬಯಲಿನ ತೆರೆದ ಗಾಳಿಯಿಂದ ಆಸರೆಗೆ ಬರುವುದಷ್ಟೇ ಪಯಣ. ಆದರೆ ಎರಡೂ ಕಡೆ ನೋಡುಗರು ಮೊದಲು ನೋಡುತ್ತಿದ್ದದ್ದು ಒಂದನ್ನೇ: ಹೋದವರೆಲ್ಲ ಬಂದರೇ?

ಲೆಕ್ಕ ಚುಕ್ತವಾದ ಮೇಲೆ ಕುರಿಗಾಹಿಗಳು ಒಂದೆಡೆ ಸೇರಿ ಕುಣಿಯುತ್ತಿದ್ದರು. ಈ ಕೂಟ ಕೆಲವೆಡೆ ಒಂದೇ ರಾತ್ರಿಗೆ ಮುಗಿಯುತ್ತಿರಲಿಲ್ಲ. ಬೇಸಿಗೆಯಿಡೀ ಮನುಷ್ಯರ ಮುಖ ಕಾಣದೆ ಬಯಲಿನಲ್ಲಿ ಇದ್ದವರಿಗೆ ಅದು ಬೇಕೂ ಆಗಿತ್ತು. ಪಶ್ಚಿಮ ಹಂಗೇರಿಯಲ್ಲಿ ಇನ್ನೊಂದು ಪದ್ಧತಿ ಇತ್ತು. ಸಂತ ಮಾರ್ಟಿನನ ದಿನದ ಹೊತ್ತಿಗೆ ಊರಿನ ಗೋವಳ ಕವಲೊಡೆದ ಹಸಿ ರೆಂಬೆಗಳನ್ನು ಹಿಡಿದು ಮನೆಮನೆಗೆ ಹೋಗುತ್ತಿದ್ದ. ರೆಂಬೆಗೆ ಎಷ್ಟು ಕವಲೋ ಆ ಮನೆಯ ಹಂದಿಗೆ ಅಷ್ಟು ಮರಿ ಎಂದು ಹರಸಿ, ತನ್ನ ಪಾಲಿನ ಕಾಣಿಕೆ ಪಡೆಯುತ್ತಿದ್ದ. ಆ ರೆಂಬೆಯನ್ನು ಜೋಪಾನವಾಗಿಟ್ಟು, ವಸಂತದಲ್ಲಿ ಅದರಿಂದಲೇ ಪ್ರಾಣಿಗಳನ್ನು ಹೊರಗೆ ಹೊಡೆಯುತ್ತಿದ್ದರು.

ಪಶುಪಾಲಕರಲ್ಲೂ ಮೇಲುಕೀಳು ಇತ್ತು, ಅದನ್ನು ಮುಚ್ಚಿಡುವುದು ಸರಿಯಲ್ಲ. ಕುದುರೆ ಕಾಯುವ ಚಿಕೋಶ್ ಎಲ್ಲರಿಗಿಂತ ಮೇಲೆ. ಅವನ ನಂತರ ದನ ಕಾಯುವ ಗುಯಾಶ್, ಆಮೇಲೆ ಕುರಿ ಕಾಯುವ ಯುಹಾಸ್, ಕೊನೆಗೆ ಹಂದಿ ಕಾಯುವ ಕೊಂದಾಶ್. ಜಗತ್ತಿನ ಹೋಟೆಲುಗಳಲ್ಲೆಲ್ಲ ಸಿಗುವ ಗೂಲಾಶ್ ಎಂಬ ಮಾಂಸದ ಸಾರು ಈ ದನಗಾಹಿಗಳ ಬಾಣಲೆಯಿಂದಲೇ ಹೊರಟದ್ದು. ಆದರೆ ಹೊರ್ತೊಬಾಜ್‌ನ ಬಯಲಿನ ನಿಜವಾದ ದಿನನಿತ್ಯದ ಊಟ ಶ್ಲಂಬುತ್ಸ್. ಸೌದೆ ಬೆಂಕಿಯ ಮೇಲೆ ಕಬ್ಬಿಣದ ಪಾತ್ರೆ ತೂಗುಹಾಕಿ, ಹಂದಿಕೊಬ್ಬು ಕರಗಿಸಿ, ಅದರಲ್ಲಿ ಒಣಗಿದ ಹಿಟ್ಟಿನ ಹಾಳೆಯ ಚೂರುಗಳನ್ನು ಕೆಂಪಗೆ ಹುರಿದು, ಈರುಳ್ಳಿ, ಆಲೂಗಡ್ಡೆ, ಕೆಂಪುಮೆಣಸಿನ ಪುಡಿ, ನೀರು ಹಾಕಿ ಬೇಯಿಸುತ್ತಾರೆ. ಚಮಚ ಹಾಕಿ ಕಲಕುವಂತಿಲ್ಲ. ಪಾತ್ರೆಯನ್ನೇ ಹಿಡಿದು ಕುಲುಕಿ, ಒಳಗಿನ ಮುದ್ದೆಯನ್ನು ಮಗುಚಬೇಕು. ಮೂವತ್ತೆರಡು ಸಲ ಮಗುಚಿದರೆ ಮಾತ್ರ ಸರಿಯಾದ ಶ್ಲಂಬುತ್ಸ್ ಎನ್ನುತ್ತಾರೆ. ಮಾಂಸವಿಲ್ಲದ, ಕೆಡದ ಸಾಮಾನುಗಳಿಂದಲೇ ಆಗುವ ಈ ಅಡುಗೆ ನೋಡಿದರೆ, ಸಾವಿರ ದನಗಳ ನಡುವೆ ಬದುಕಿದವನಿಗೆ ದನದ ಮಾಂಸ ಎಷ್ಟು ಅಪರೂಪವಾಗಿತ್ತೆಂದು ತಿಳಿಯುತ್ತದೆ. ಆ ದನಗಳು ಅವನವಲ್ಲ.

ದನಗಳ ಬಗ್ಗೆ ಹೇಳದೆ ಮುಂದೆ ಹೋಗುವಂತಿಲ್ಲ. ಹಂಗೇರಿಯ ಬೂದು ದನ ಹುಟ್ಟುವಾಗ ಬೂದಾಗಿರುವುದಿಲ್ಲ. ಕರು ಗೋಧಿಗೆಂಪು ಬಣ್ಣದ್ದು, ಕೆಲವು ತಿಂಗಳಲ್ಲಿ ಬಣ್ಣ ಬದಲಿಸುತ್ತದೆ. ನಮ್ಮ ಹಳ್ಳಿಕಾರ್ ಹೋರಿಯ ಕೊಂಬು ಹಣೆಯಿಂದ ಹಿಂದಕ್ಕೆ ಬಾಗಿ ಹೊರಟರೆ, ಇದರದು ಎರಡೂ ಪಕ್ಕಕ್ಕೆ ಅಗಲವಾಗಿ ಚಾಚಿ ಮೇಲಕ್ಕೇಳುತ್ತದೆ. ಬಿಸಿಲು, ಮಳೆ, ಹಿಮ ಯಾವುದಕ್ಕೂ ಜಗ್ಗದ ಜಾತಿ. 15, 16ನೆಯ ಶತಮಾನಗಳಲ್ಲಿ ಇವು ನಡೆದುಕೊಂಡೇ ವಿಯೆನ್ನಾ, ನ್ಯೂರೆಂಬರ್ಗ್, ವೆನಿಸ್‌ಗಳ ಮಾರುಕಟ್ಟೆ ತಲುಪುತ್ತಿದ್ದವು. 16ನೆಯ ಶತಮಾನದ ಉತ್ತರಾರ್ಧದಲ್ಲಿ ವರ್ಷಕ್ಕೆ ಲಕ್ಷಕ್ಕೂ ಮಿಗಿಲಾದ ದನಗಳು ಹೀಗೆ ದೇಶ ದಾಟುತ್ತಿದ್ದ ಕಾಲವೂ ಇತ್ತು. ದಾರಿಯಲ್ಲಿ ಕಳ್ಳರಿಂದ ಕಾಯಲು ಆಯುಧ ಹಿಡಿದು ಹೋಗುತ್ತಿದ್ದವರು ಹೈದೂಗಳು. ಇದೇ ಹೈದೂಗಳು ಮುಂದೆ ಸೈನಿಕರಾದರು. 1605ರಲ್ಲಿ ಟ್ರಾನ್ಸಿಲ್ವೇನಿಯಾದ ಅರಸ ಇಶ್ತ್ವಾನ್ ಬೊಚ್ಕಾಯ್ ಅವರಿಗೆ ಭೂಮಿ ಮತ್ತು ಸ್ವಾತಂತ್ರ್ಯ ಕೊಟ್ಟು ನೆಲೆಗೊಳಿಸಿದ. ದನಗಾಹಿಗಳ ವಂಶ ಒಂದು ದೇಶದ ರಾಜಕಾರಣವನ್ನೇ ತಿರುಗಿಸಿದ ಉದಾಹರಣೆ ಇದು. ಇದನ್ನೇ ಹೇಳುತ್ತ ಹೋದರೆ ಬೇರೊಂದು ಸಂಜೆ ಬೇಕು.

ಚಳಿಗಾಲದ ಆಸರೆ ಎಂದಾಗ ಬೆಚ್ಚನೆಯ ಕೊಟ್ಟಿಗೆಯನ್ನು ಕಲ್ಪಿಸಿಕೊಳ್ಳಬೇಡಿ. ಹಿಂದಿನ ಕಾಲದಲ್ಲಿ ಎಷ್ಟೋ ಮಂದೆಗಳು ವರ್ಷವಿಡೀ ಹೊರಗೇ ಇರುತ್ತಿದ್ದವು. ಅವುಗಳಿಗೆ ಸಿಗುತ್ತಿದ್ದದ್ದು ಜೊಂಡಿನ ತಡಿಕೆ ಗೋಡೆ ಮಾತ್ರ. ಆ ಗೋಡೆಯ ವಿನ್ಯಾಸ ಜಾಣತನದ್ದು. ನಡುವಿನ ಒಂದು ಬಿಂದುವಿನಿಂದ ಮೂರು ನಾಲ್ಕು ದಿಕ್ಕಿಗೆ ರೆಕ್ಕೆಗಳಂತೆ ತಡಿಕೆ ಚಾಚಿರುತ್ತದೆ, ಮೇಲೆ ಮಾಡು ಇಲ್ಲ. ಗಾಳಿ ಯಾವ ಕಡೆಯಿಂದ ಬೀಸಿದರೂ ಅದರ ಮರೆಯಾಗುವ ಒಂದು ಮೂಲೆ ಇದ್ದೇ ಇರುತ್ತದೆ. ಗಾಳಿ ತಿರುಗಿದಂತೆ ದನಗಳು ತಾವೇ ಜಾಗ ಬದಲಿಸುತ್ತವೆ. ಕುರಿಗಳಿಗೆ ಮಾತ್ರ ಉದ್ದನೆಯ, ಜೊಂಡು ಹೊದಿಸಿದ ಹಟ್ಟಿಗಳಿದ್ದವು.

ಆ ಕುರಿಹಟ್ಟಿಗಳ ಬಗ್ಗೆ ಇನ್ನೊಂದು ವಿಷಯ ಹೇಳಲೇಬೇಕು, ಹಬ್ಬದ ಮಾತಿನ ನಡುವೆ ಭಾರವೆನಿಸಿದರೂ. 1950ರ ಜೂನ್‌ನಿಂದ 1953ರವರೆಗೆ ಅಂದಿನ ಕಮ್ಯುನಿಸ್ಟ್ ಸರ್ಕಾರ ಸಾವಿರಾರು ಜನರನ್ನು, ಹೆಚ್ಚಾಗಿ ದಕ್ಷಿಣ ಮತ್ತು ಪಶ್ಚಿಮದ ಗಡಿ ಹಳ್ಳಿಗಳ ಕುಟುಂಬಗಳನ್ನು, ರಾತ್ರೋರಾತ್ರಿ ಎಬ್ಬಿಸಿ, ವಿಚಾರಣೆಯಿಲ್ಲದೆ ರೈಲಿನಲ್ಲಿ ತುಂಬಿ ಹೊರ್ತೊಬಾಜ್‌ಗೆ ತಂದಿತು. ಸರ್ಕಾರಿ ಕೃಷಿ ಕ್ಷೇತ್ರಗಳಲ್ಲಿ ದುಡಿಯಬೇಕಾಗಿದ್ದ ಆ ಜನರನ್ನು ಇರಿಸಿದ್ದು ಕುರಿಹಟ್ಟಿಗಳಲ್ಲಿ. ಮುದುಕರು, ಕೂಸುಗಳು, ಬಸುರಿಯರು ಹುಲ್ಲಿನ ಮೇಲೆ ಸಾಲಾಗಿ ಮಲಗಿದರು. 1953ರಲ್ಲಿ ಶಿಬಿರಗಳು ಮುಚ್ಚಿದರೂ ಹಲವರಿಗೆ ತಮ್ಮ ಮನೆಗೆ ಮರಳಲು ಅವಕಾಶವಿರಲಿಲ್ಲ. ಒಪ್ಪಿಸಿಕೊಂಡ ಕುರಿಗೆ ಕೋಲಿನ ಮೇಲೆ ಕಚ್ಚು ಹಾಕಿ ಲೆಕ್ಕ ಕೊಟ್ಟ ಬಯಲಿನಲ್ಲಿ ಮನುಷ್ಯರ ಲೆಕ್ಕ ಕೇಳುವವರಿಲ್ಲದಂತಾಯಿತು. ಇಂದು ಆ ಬಯಲಿಗೆ ಹಬ್ಬ ನೋಡಲು ಹೋಗುವವರು ಇದನ್ನೂ ತಿಳಿದು ಹೋಗಬೇಕು ಎಂಬುದು ನನ್ನ ಒತ್ತಾಯ.

ಬೂದು ದನವೂ ಆ ದಶಕಗಳಲ್ಲೇ ಅಳಿವಿನ ಅಂಚು ತಲುಪಿತು. ಟ್ರ್ಯಾಕ್ಟರ್ ಬಂದ ಮೇಲೆ ಎತ್ತು ಬೇಡವಾಯಿತು. ಹಾಲಿಗೆ ಇದು ಹೆಸರಾದ ತಳಿಯಲ್ಲ. ಸೋವಿಯತ್ ನಾಡಿನ ಕೊಸ್ತ್ರೋಮಾ ಹೋರಿಗಳ ಜೊತೆ ಬೆರಕೆ ಮಾಡುವ ಯೋಜನೆಯೂ ಬಂತು. 1960ರ ದಶಕದ ಹೊತ್ತಿಗೆ ಶುದ್ಧ ತಳಿಯ ಸುಮಾರು ಇನ್ನೂರು ಹಸುಗಳು, ಬೆರಳೆಣಿಕೆಯ ಹೋರಿಗಳು ಉಳಿದಿದ್ದವು. ಕೆಲವು ಸರ್ಕಾರಿ ಕ್ಷೇತ್ರಗಳಲ್ಲಿ ಹಟ ಹಿಡಿದು ಉಳಿಸಿಕೊಂಡವರಿಂದಾಗಿ ಮಂದೆ ಮತ್ತೆ ಬೆಳೆಯಿತು. 1973ರಲ್ಲಿ ಹೊರ್ತೊಬಾಜ್ ಹಂಗೇರಿಯ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. 1999ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಸೇರಿಸಿದ್ದು ಕಾಡು ಪ್ರಕೃತಿ ಎಂದಲ್ಲ, ಜನ ಮತ್ತು ಜಾನುವಾರು ಸೇರಿ ರೂಪಿಸಿದ ಸಾಂಸ್ಕೃತಿಕ ಭೂದೃಶ್ಯ ಎಂದು. 2004ರಲ್ಲಿ ಹಂಗೇರಿಯ ಸಂಸತ್ತು ದೇಶೀ ತಳಿಗಳನ್ನು ರಾಷ್ಟ್ರೀಯ ಸಂಪತ್ತೆಂದು ಸಾರಿತು. ತಿರುಪಿನಂತೆ ಸುತ್ತಿದ ಕೊಂಬಿನ ರಾತ್ಸ್ಕಾ ಕುರಿ, ಗುಂಗುರು ಕೂದಲಿನ ಮಂಗಲಿತ್ಸಾ ಹಂದಿ ಮುಂತಾದವು ಈ ದೇಶೀ ತಳಿಗಳಲ್ಲಿ ಸೇರುತ್ತವೆ.

ಮಂದೆ ಮೇಯದಿದ್ದರೆ ಆ ಬಯಲಿಗೆ ಏನಾಗುತ್ತದೆ? 1990ರ ನಂತರ ಸರ್ಕಾರಿ ಕ್ಷೇತ್ರಗಳು ಕುಸಿದು ಜಾನುವಾರು ಕಡಿಮೆಯಾದಾಗ ಅದು ಕಣ್ಣಿಗೇ ಕಂಡಿತು. ಹುಲ್ಲು ಎತ್ತರ ಬೆಳೆಯುತ್ತದೆ, ಜೊಂಡು ಜೌಗನ್ನು ಮುಚ್ಚುತ್ತದೆ. ಬಿಲದಲ್ಲಿ ವಾಸಿಸುವ ಸೌಸ್ಲಿಕ್ ಎಂಬ ನೆಲದ ಅಳಿಲಿಗೆ ಹುಲ್ಲು ಗಿಡ್ಡವಾಗಿರಬೇಕು, ಶತ್ರುವನ್ನು ದೂರದಿಂದ ನೋಡಲು. ಆ ಅಳಿಲು ಕಡಿಮೆಯಾದರೆ ಅದನ್ನು ನಂಬಿರುವ ಸೇಕರ್ ಗಿಡುಗಕ್ಕೂ ಕಷ್ಟ. ಹೀಗೆ ದನದ ಬಾಯಿಗೂ ಗಿಡುಗದ ಗೂಡಿಗೂ ನಂಟಿದೆ. ಈಗ ಉದ್ಯಾನದವರು ದನ, ಎಮ್ಮೆ, ಕುರಿಗಳನ್ನು ಮೇಯಿಸುವುದೇ ಸಂರಕ್ಷಣೆಯ ಮುಖ್ಯ ಉಪಾಯ.

ಇಂದಿನ ಹಬ್ಬದಲ್ಲಿ ಮೆರವಣಿಗೆ ಇದೆ, ಕರಕುಶಲ ಸಂತೆ ಇದೆ, ಅಡುಗೆ ಇದೆ, ಸವಾರಿಯ ಪ್ರದರ್ಶನ ಇದೆ. ಐದು ಕುದುರೆಗಳ ಲಗಾಮು ಹಿಡಿದು, ಹಿಂದಿನ ಎರಡರ ಬೆನ್ನ ಮೇಲೆ ನಿಂತು ಓಡಿಸುವ ಸಾಹಸವನ್ನು ಜನ ಪ್ರಾಚೀನವೆಂದು ನಂಬುತ್ತಾರೆ. ನಿಜಕ್ಕೂ ಅದು ಆಸ್ಟ್ರಿಯಾದ ಚಿತ್ರಕಾರ ಲುಡ್ವಿಗ್ ಕೋಖ್ ಕಲ್ಪನೆಯಲ್ಲಿ ಬರೆದ ಚಿತ್ರದಿಂದ ಬಂದದ್ದು. 20ನೆಯ ಶತಮಾನದ ನಡುಭಾಗದಲ್ಲಿ ಅಲ್ಲಿಯ ಸವಾರರು ಅದನ್ನು ಮಾಡಿ ತೋರಿಸಿದರು. ನನಗೆ ಅದರ ಬಗ್ಗೆ ತಕರಾರಿಲ್ಲ, ಕಷ್ಟದ ವಿದ್ಯೆ ಅದು. ಆದರೆ ಆ ಐದು ಕುದುರೆಗೆ ಸಿಗುವ ಚಪ್ಪಾಳೆಯಲ್ಲಿ ಒಂದಿಷ್ಟು ಸೀಳುಕೋಲಿಗೂ ಸಿಗಬೇಕು. ಪ್ರಾಚೀನವಾದದ್ದು ಅದು.

ಇನ್ನು ಪ್ರಶ್ನೆಗಳು.

ಪ್ರವಾಸಿಗರು ಬರುವುದನ್ನು ನಿಲ್ಲಿಸಿದರೆ ಈ ಹಬ್ಬ ಉಳಿಯುತ್ತದೆಯೇ ಎಂದು ಒಬ್ಬರು ಕೇಳಿದರು. ಮೆರವಣಿಗೆ ಉಳಿಯದೆ ಹೋಗಬಹುದು, ಮಂದೆ ಮರಳುವುದು ಉಳಿಯುತ್ತದೆ. ಹುಲ್ಲುಗಾವಲಿನ ನಿರ್ವಹಣೆಗೆ ಐರೋಪ್ಯ ಒಕ್ಕೂಟದ ಸಹಾಯಧನವಿದೆ, ಬೂದು ದನದ ಮಾಂಸಕ್ಕೆ ಬೇಡಿಕೆಯಿದೆ. ಕೊರತೆ ಇರುವುದು ಜನರದು. ಹಗಲಿರುಳು ಬಯಲಿನಲ್ಲಿ ಇದ್ದು, ಒಂದು ದನ ಕುಂಟುವುದನ್ನು ದೂರದಿಂದಲೇ ಗುರುತಿಸಬಲ್ಲ ಬೊಯ್ತಾರ್ ಆಗಲು ಇಂದಿನ ಯುವಕರು ಸುಲಭಕ್ಕೆ ಮುಂದೆ ಬರುವುದಿಲ್ಲ. ಹಾಗಾಗಿ ಹಬ್ಬದಲ್ಲಿ ಹಣ ಖರ್ಚು ಮಾಡುವುದಾದರೆ ಗೋವಳನ ಕೈಗೇ ಸೇರುವಂಥದ್ದಕ್ಕೆ ಮಾಡಿ, ಅವನ ಗಿಣ್ಣು, ಅವನ ಉಣ್ಣೆ, ಅವನು ಹೆಣೆದ ಚಾವಟಿ.

ಅಕ್ಟೋಬರ್‌ನಲ್ಲಿ ಹೋದರೆ ಹಬ್ಬದ ಹೊರತಾಗಿ ನೋಡಲು ಏನಿದೆ ಎಂಬುದು ಇನ್ನೊಬ್ಬರ ಪ್ರಶ್ನೆ. ಕ್ರೌಂಚಗಳಿವೆ. ಉತ್ತರ ಯುರೋಪಿನಿಂದ ದಕ್ಷಿಣಕ್ಕೆ ವಲಸೆ ಹೋಗುವ ಕ್ರೌಂಚ ಪಕ್ಷಿಗಳು ಇದೇ ದಿನಗಳಲ್ಲಿ ಹೊರ್ತೊಬಾಜ್‌ನಲ್ಲಿ ತಂಗುತ್ತವೆ. ಒಳ್ಳೆಯ ವರ್ಷಗಳಲ್ಲಿ ಅವುಗಳ ಸಂಖ್ಯೆ ಲಕ್ಷ ದಾಟುತ್ತದೆ. ಹಗಲು ಕಟಾವಾದ ಮೆಕ್ಕೆಜೋಳದ ಹೊಲಗಳಲ್ಲಿ ಮೇಯ್ದು, ಸೂರ್ಯ ಮುಳುಗುವ ಹೊತ್ತಿಗೆ ನೀರು ತಗ್ಗಿಸಿದ ಮೀನಿನ ಕೆರೆಗಳಲ್ಲಿ ನಿಂತು ರಾತ್ರಿ ಕಳೆಯಲು ಬರುತ್ತವೆ. ದೆಬ್ರೆತ್ಸೆನ್‌ನಿಂದ ಹೊರ್ತೊಬಾಜ್‌ಗೆ ರೈಲು ಇದೆ. ಮಧ್ಯಾಹ್ನ ಮಂದೆ ನೋಡಿ, ಸಂಜೆ ಕೆರೆಯ ಕಡೆಗೆ ಹೋಗಬಹುದು. ದಪ್ಪನೆಯ ಕೋಟು ಮರೆಯಬೇಡಿ, ಆ ಬಯಲಿನಲ್ಲಿ ಗಾಳಿಗೆ ತಡೆಯಿಲ್ಲ.